ಬೆಲೆ ಚೀಟಿ ಕೀಳದ ಅಂಗಿ

ಜಪಾನಿನ ಒನೊಮಿಚಿ ಊರಿನ ಓಣಿಗಳಲ್ಲಿ ಫೋಟೊ ಕಲಿಯಲು ಹೊರಟ ನಮ್ಮ ಗುಂಪು ಎರಡು ತಂಡವಾಗಿ ಬೇರೆ ಬೇರೆ ದಾರಿಯಲ್ಲಿ ಸುತ್ತಿ ಮತ್ತೆ ಸ್ಟೇಷನ್ ಸೇರಿತ್ತು. ಪಕ್ಕದ ಬೆಂಚಿನಲ್ಲಿ ಯೊರಿಕೊ ತಾನು ತೆಗೆದ ಚಿತ್ರಗಳನ್ನು ಗೆಳತಿ ಹಿಸಾಯೆಗೆ ತೋರಿಸುತ್ತಿದ್ದಳು. ಕೇಳಬಾರದಿತ್ತು, ಕೇಳಿಸಿತು.

"ಅಯ್ಯೋ, ಇದು ನನ್ನ ಮಗಳ ಮನೆ ಬಾಲ್ಕನಿ ಕಣೇ!"

"ಹೌದಾ? ಒಣಹಾಕಿದ ಬಟ್ಟೆ ಮೇಲೆ ಬಿಸಿಲು ಚೆನ್ನಾಗಿತ್ತು, ತೆಗೆದೆ."

"ಅಳಿಯಂದ್ರ ಅಂಗಿ ನೋಡು, ಎಷ್ಟು ಬೆಳ್ಳಗೆ ಒಗೆದಿದ್ದಾಳೆ! ದೊಡ್ಡದು ಮಾಡು."

"ಕಾಲರಲ್ಲಿ ಏನೋ ನೇತಾಡ್ತಿದೆ... ಅಂಗಡಿಯ ಬೆಲೆ ಚೀಟಿ!"

"ಚೀಟಿ ಸಮೇತ ಯಾರಾದ್ರೂ ಒಗೀತಾರಾ?"

"ಒಗೆದಿಲ್ಲ ಕಣೇ. ನಮ್ಮನೆಯವರು ತೀರಿಕೊಂಡ ಮೇಲೆ ನಾನೂ ಹೀಗೇ ಗಂಡಸರ ಅಂಗಿ ತೂಗುಹಾಕ್ತೀನಿ. ಒಂಟಿ ಹೆಂಗಸು ಅಂತ ಕಳ್ಳರಿಗೆ ಗೊತ್ತಾಗಬಾರದಲ್ಲ."

"ನನ್ನ ಮಗಳೇನು ಒಂಟೀನಾ?"

ಯೊರಿಕೊ ಕ್ಯಾಮೆರಾ ಆಫ್ ಮಾಡಿದಳು.

"ಅಳಿಯನ ಹತ್ರ ಯಾವಾಗ ಮಾತಾಡಿದ್ದೆ?"

"ನಿನ್ನೆ ಫೋನ್ ಮಾಡಿದ್ದೆ. ಸ್ನಾನಕ್ಕೆ ಹೋಗಿದ್ದಾರಮ್ಮ ಅಂದಳು."

"ಅದಕ್ಕೆ ಮುಂಚೆ?"

"ಆಗಲೂ... ಸ್ನಾನಕ್ಕೇ ಹೋಗಿದ್ರು."

ರೈಲು ಬಂತು. ನಾವೆಲ್ಲ ಹತ್ತಿದೆವು. ಹಿಸಾಯೆ ಮಾತ್ರ ಸ್ಟೇಷನ್ನಿನ ಹೊರಬಾಗಿಲ ಕಡೆ ಓಡುತ್ತಿದ್ದಳು. ಅವಳ ಕ್ಯಾಮೆರಾ ಬೆಂಚಿನ ಮೇಲೇ ಇತ್ತು.