ತಲೆಯ ಮೇಲೆತ್ತಿದ ಕುರ್ಚಿಯ ಬಗ್ಗೆ

ನಾನು, ವಯಸ್ಸು 46, ವಿಶ್ವವಿದ್ಯಾಲಯದ ಶುಲ್ಕ ವಿಭಾಗದ ಮೇಲ್ವಿಚಾರಕಿ, ಸಿಬ್ಬಂದಿ ವಸತಿಗೃಹದ ಎರಡನೇ ಮಹಡಿಯಲ್ಲಿ ತಾಯಿಯೊಂದಿಗೆ ವಾಸ, ನಿನ್ನೆ ನನ್ನ ಸಹಿಯಲ್ಲಿ ಈ ಠಾಣೆಗೆ ಬಂದ ದೂರಿನ ಸಂಬಂಧ ಈ ಮೂಲಕ ತಿಳಿಸುವುದೇನೆಂದರೆ:

ಸೋಮವಾರ ಬೆಳಿಗ್ಗೆ 10.20ಕ್ಕೆ ನಮ್ಮ ಕಚೇರಿಯ ಕಾರಿಡಾರಿನಲ್ಲಿ ಸುಮಾರು ಅರವತ್ತು ಸಂಶೋಧನಾ ವಿದ್ಯಾರ್ಥಿಗಳು ಶುಲ್ಕ ಏರಿಕೆ ವಿರೋಧಿಸಿ ನೆಲದ ಮೇಲೆ ಕುಳಿತಿದ್ದರು. ಯಾರೂ ಕೂಗುತ್ತಿರಲಿಲ್ಲ. ಹೋದ ಸಲ ಕೂಗಿದ್ದಕ್ಕೆ ಪತ್ರಿಕೆಗಳು ಪುಂಡರೆಂದು ಬರೆದವು, ಆದ್ದರಿಂದ ಈ ಸಲ ಪುಸ್ತಕ ಓದುತ್ತಾ ಕೂರುವುದೆಂದು ತೀರ್ಮಾನವಾಗಿದೆ ಎಂದು ಬಾಗಿಲ ಬಳಿಯಿದ್ದ ವಿದ್ಯಾರ್ಥಿನಿ ಹೇಳಿದಳು. ಓದೋಕೆ ಲೈಬ್ರರಿ ಇಲ್ವಾ ಎಂದು ಕೇಳಿದೆ. ಲೈಬ್ರರೀಲಿ ನಮ್ಮನ್ನ ಯಾರು ನೋಡ್ತಾರೆ ಮೇಡಂ ಎಂದಳು.

11.05ಕ್ಕೆ ಅವರ ನಡುವೆ ದಾಟುವಾಗ ತಲೆಸುತ್ತು ಬಂದು ಗೋಡೆ ಹಿಡಿದೆ. ಗಡ್ಡದ ಕಾರಣ ಎಲ್ಲರೂ ದಾಡಿ ಎಂದು ಕರೆಯುವ ವಿದ್ಯಾರ್ಥಿ ನಲವತ್ತು ಅಡಿ ದೂರದ ನನ್ನ ಕೊಠಡಿಯಿಂದ ಕುರ್ಚಿ ತಂದನು. ಕಾಲಿಡಲೂ ಜಾಗವಿಲ್ಲದ ಕಾರಣ ಅದನ್ನು ತಲೆಯ ಮೇಲೆತ್ತಿಕೊಂಡಿದ್ದನು. ಮೆಟ್ಟಿಲ ಮೇಲಿದ್ದ ಪತ್ರಿಕೆಯವರು ಫೋಟೊ ತೆಗೆದದ್ದು ಆಗಲೇ. ಕೂತ್ಕೊಳ್ಳಿ ಮೇಡಂ, ಇಷ್ಟು ಜನದಲ್ಲಿ ಒಬ್ರಿಗಾದ್ರೂ ಕುರ್ಚಿ ಸಿಗ್ಲಿ ಎಂದನು. ಕೆಲವರು ನಕ್ಕರು. ಹನ್ನೆರಡು ನಿಮಿಷ ತನ್ನ ಪ್ರಬಂಧದ ಕರಡಿನಿಂದಲೇ ನನಗೆ ಗಾಳಿ ಹಾಕಿದನು. ಪುಟಗಳ ಅಂಚಿನಲ್ಲಿ ಕೆಂಪು ಶಾಯಿಯ ತಿದ್ದುಪಡಿಗಳಿದ್ದವು.

ಮಂಗಳವಾರ ಸಂಜೆ 4.30ಕ್ಕೆ ಸಹಿಗೆ ಮೂವತ್ತೆರಡು ಕಾಗದಗಳು ಬಂದವು. ಸಹಿಯ ಜಾಗದಲ್ಲಿ ಗುಮಾಸ್ತರು ಪೆನ್ಸಿಲ್ ಗುರುತು ಹಾಕಿಡುವುದು ನಮ್ಮ ಕಚೇರಿಯ ರೂಢಿ. ನಾನು ಗುರುತು ನೋಡಿ ಸಹಿ ಹಾಕುತ್ತೇನೆ. ಅವುಗಳಲ್ಲಿ ಒಂದು, ಫೋಟೊ ಆಧರಿಸಿ ಮೇಲಿನವರು ಬರೆಸಿದ ದೂರು. ಈ ವಿದ್ಯಾರ್ಥಿ ನನ್ನನ್ನು ಹೊಡೆಯಲು ಕುರ್ಚಿ ಎತ್ತಿದನೆಂದು. ಓದಿರಲಿಲ್ಲ. ಶುಲ್ಕ ಏರಿಕೆಯ ಸುತ್ತೋಲೆಗೂ ಹೀಗೆಯೇ ಸಹಿ ಹಾಕಿದ್ದೆನು.

ಇಂದು ಬೆಳಿಗ್ಗೆ 6.45ಕ್ಕೆ ತಾಯಿ ಪತ್ರಿಕೆಯಲ್ಲಿ ಆ ಫೋಟೊ ನೋಡಿದರು. ಕೆಳಗೆ ನನ್ನ ದೂರಿನ ವಿಷಯವಿತ್ತು. ಹೊಡೆಯೋನು ಹೀಗೆ ಕೆಳಗೆ ನೋಡ್ಕೊಂಡು, ಯಾರ ಕೈ ತುಳೀತೀನೋ ಅಂತ ಹೆಜ್ಜೆ ಇಡ್ತಾನೇನೇ ಎಂದು ಕೇಳಿದರು. ನಿಂಗೆ ಗಾಳಿ ಹಾಕಿದ ಹುಡುಗ ಇವನೇ ತಾನೆ ಎಂದರು. ಹೌದೆಂದೆ. ಮತ್ತೆ ಇನ್ನೂ ಯಾಕೆ ಇಲ್ಲೇ ಕೂತಿದೀಯ ಎಂದರು.

ನಾಳೆ 11 ಗಂಟೆಗೆ ಅವನ ಸಂಶೋಧನಾ ನೋಂದಣಿ ರದ್ದುಪಡಿಸುವ ಸಭೆಯಿದೆ. ಅದಕ್ಕೆ ನನ್ನ ದೂರೊಂದೇ ಆಧಾರ. ಅದು ಸುಳ್ಳು. ಹಿಂಪಡೆಯುತ್ತೇನೆ.

ಕ್ಯಾಂಟೀನಿನಲ್ಲಿ ನಾನೂ ಇವರನ್ನು ಕೆಲಸವಿಲ್ಲದವರು ಎಂದಿದ್ದುಂಟು. ಅದು ಬೇಡ ಬಿಡಿ ಮೇಡಂ ಎಂದು ಬರೆದುಕೊಳ್ಳುತ್ತಿದ್ದ ಪೇದೆ ಹೇಳಿದರು. ಬರೆಯಿರಿ ಎಂದು ಕೇಳಿಕೊಂಡೆ.

ಹೇಳಿಕೆಯನ್ನು ಓದಿ ಹೇಳಲು ಅವರು ಮುಂದಾದಾಗ ನಾನೇ ಓದುತ್ತೇನೆಂದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರಿಂದ ಕನ್ನಡ ಕೈಬರಹ ಓದುವುದು ನನಗೆ ನಿಧಾನ. ಇಪ್ಪತ್ತು ನಿಮಿಷ ಹಿಡಿಯಿತು. ಅವರು ಕಾದರು. ಇದರಲ್ಲಿರುವುದೆಲ್ಲ ನಡೆದದ್ದೇ. ಸಹಿಯ ಜಾಗದಲ್ಲಿ ಅವರು ಹಾಕಿಟ್ಟಿದ್ದ ಪೆನ್ಸಿಲ್ ಗುರುತನ್ನು ಅಳಿಸಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆಯ ಬರವಣಿಗೆ ಕೊಠಡಿ
ಬುಧವಾರ, ಬೆಳಿಗ್ಗೆ 8.50
(ಸಹಿ)