ಡ್ರಾಪ್ ಕೊಡುವವರಿಗೆ ಒಂದು ವಿನಂತಿ

ಅಧ್ಯಕ್ಷತೆ ವಹಿಸಿ ಆಗಲೇ ಎರಡು ಸಲ ಗಡಿಯಾರ ನೋಡಿದ ಮುಖ್ಯೋಪಾಧ್ಯಾಯ ಈರಭದ್ರಪ್ಪನವರೇ, ವೇದಿಕೆಯ ಗಣ್ಯರೇ, ಸಾರಿನ ಒಗ್ಗರಣೆ ಘಮ್ಮೆಂದರೂ ಎದ್ದು ಹೋಗದ ಸಭಿಕರೇ, ಮಕ್ಕಳೇ,

ಅಜ್ಜಂಪುರದ ಈ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳು ನಿವೃತ್ತಿಯ ದಿನ ಪಾಠ ಮಾಡದೆ ಹೋದರೆ ಹೇಗೆ? ಒಂದೇ ಒಂದು ಕ್ರಿಯಾಪದ: ಡ್ರಾಪ್. ಕೈಯಿಂದ ಲೋಟ ಬೀಳಿಸಿದರೂ ಡ್ರಾಪ್, ಕೆಮ್ಮಣ್ಣುಗುಂಡಿ ಪ್ರವಾಸ ಕೈಬಿಟ್ಟರೂ ಡ್ರಾಪ್. 'ಡ್ರಾಪ್ ಇನ್' ಎಂದರೆ ಹೇಳದೆ ಕೇಳದೆ ಯಾರದೋ ಮನೆಗೆ ಹೋಗಿಬರುವುದು. ಇದು ಪರೀಕ್ಷೆಯಲ್ಲಿ ಬರುತ್ತದೆ, ಜೀವನದಲ್ಲಿ ಅಷ್ಟಾಗಿ ಬರುವುದಿಲ್ಲ.

ನಮ್ಮ ಯಜಮಾನರು ಹಾಲೇಶ್, ಲಕ್ಕವಳ್ಳಿ ಡ್ಯಾಮಿನಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಇಂಗ್ಲಿಷಿನಲ್ಲಿ ಅವರಿಗೆ ಗೊತ್ತಿದ್ದ ಕ್ರಿಯಾಪದ ಇದೊಂದೇ. ದಿನಾ ಬೆಳಿಗ್ಗೆ ತರೀಕೆರೆಯ ನಮ್ಮ ಮನೆ ಮುಂದೆ ಗಾಡಿ ತೆಗೆದು, "ಬಾರೇ, ಬಸ್ ಸ್ಟ್ಯಾಂಡಿಗೆ ಡ್ರಾಪ್ ಮಾಡ್ತೀನಿ" ಎನ್ನುತ್ತಿದ್ದರು. ನನಗೋ ತಿದ್ದುವ ಚಟ.

"ಡ್ರಾಪ್ ಅಂದ್ರೆ ಬೀಳ್ಸೋದು ಕಣ್ರೀ."

"ಒಂದಿನಾನಾದ್ರೂ ಬೀಳ್ಸಿದ್ದೀನೇನೇ?"

ಇಲ್ಲ. ಒಂದು ದಿನವೂ ಬೀಳಿಸಲಿಲ್ಲ. ಕನ್ನಡದಲ್ಲಾಗಿದ್ದರೆ ಜಗಳವೇ ಇರುತ್ತಿರಲಿಲ್ಲ. ನಾಲೆಗೆ ನೀರನ್ನೂ ಬಿಡುತ್ತಾರೆ, ಬಸ್ ಸ್ಟ್ಯಾಂಡಿಗೆ ಹೆಂಡತಿಯನ್ನೂ ಬಿಡುತ್ತಾರೆ. ಹೋದ ಆಷಾಢದಲ್ಲಿ ನನ್ನನ್ನು ಬಿಟ್ಟೇ ಹೋದರು. ಏನು ಅವಸರವಿತ್ತೋ, ಆ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಆಮೇಲೆ ನೀವೆಲ್ಲ ಸರದಿಯ ಮೇಲೆ ಡ್ರಾಪ್ ಕೊಟ್ಟಿರಿ. ದೊಡ್ಡ ಉಪಕಾರ. ವಿಜಯ್ ಮೇಷ್ಟ್ರೇ, ನಗಬೇಡಿ, ನಿಮಗೇ ಹೇಳುತ್ತಿರುವುದು. ಕಾರು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ, ಎಂಜಿನ್ ಗುರ್ ಎನ್ನುತ್ತಲೇ ಇರುತ್ತದೆ. ಕಾಫಿ ಕುಡಿದು ಹೋಗಿ ಎಂದರೆ, "ಇನ್ನೊಂದಿನ ಬತ್ತೀನಿ ಮೇಡಂ."

ನಮ್ಮ ಕಡೆ ಹೊರಟವರು 'ಹೋಗ್ತೀನಿ' ಎನ್ನುವುದಿಲ್ಲ, 'ಬತ್ತೀನಿ' ಎನ್ನುತ್ತಾರೆ. ಭಾಷೆ ಕಲಿಸುವ ನಾನೇ ಅದನ್ನು ನಂಬಿ ದಿನಾ ಅರ್ಧ ಲೀಟರ್ ಹಾಲು ಹೆಚ್ಚಿಗೆ ಹಾಕಿಸಿಕೊಳ್ಳುತ್ತೇನೆ. ಅದೆಲ್ಲ ಮೊಸರಾಗುತ್ತದೆ. ಒಬ್ಬಳಿಗೆ ಎಷ್ಟು ಮೊಸರು ಬೇಕು, ನೀವೇ ಹೇಳಿ?

ನಾಳೆಯಿಂದ ಎಲ್ಲಿಗೂ ಹೋಗಬೇಕಾಗಿಲ್ಲ, ಹಾಗಾಗಿ ಯಾರೂ ನನ್ನನ್ನು ಬಿಡಬೇಕಾಗಿಯೂ ಇಲ್ಲ. ಇವತ್ತು ಮಾತ್ರ ಈ ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಮನೆಗೆ ಡ್ರಾಪ್ ಏರ್ಪಾಡಾಗಿದೆಯಂತೆ. ಯಾರು ಬರುತ್ತೀರೋ ಗೊತ್ತಿಲ್ಲ. ಯಾರೇ ಬನ್ನಿ, ಗೇಟಿನ ಮುಂದೆ ದಯವಿಟ್ಟು ಎಂಜಿನ್ ಆಫ್ ಮಾಡಿ.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮಗೆಲ್ಲ ವಂದನೆ. ಬೆಳಿಗ್ಗೆಯೇ ಹಾಲು ಕಾಯಿಸಿಟ್ಟು ಬಂದಿದ್ದೇನೆ. ನಮಸ್ಕಾರ.