ಕರೆದರೂ ಹೊರಗೆ ಬಾರದ ಗೋಲ್‌ಕೀಪರ್

ಒಂದು ದೇಶದ ಹಾಕಿ ತಂಡದಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ಯಾವ ದೇಶ ಅಂತ ಕೇಳಬೇಡಿ, ಇಂಥವನು ಎಲ್ಲ ದೇಶದಲ್ಲೂ ಇರುತ್ತಾನೆ. ಎರಡನೇ ಗೋಲ್‌ಕೀಪರ್ ಅವನು. ಅಂದರೆ ಮೊದಲನೆಯವನಿಗೆ ಜ್ವರ ಬಂದರೆ ಮಾತ್ರ ಇವನಿಗೆ ಆಟ. ನೋಡಿ, ಆ ಮಹಾರಾಯನಿಗೆ ಎಂಟು ವರ್ಷ ಒಂದು ಸೀನೂ ಬರಲಿಲ್ಲ. ಎಂಟು ವರ್ಷ ಇವನು ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬೆಂಚಿನ ಮೇಲೆ ಕೂತ.

ಹನ್ನೆರಡು ದೇಶಗಳ ದೊಡ್ಡ ಪಂದ್ಯಾವಳಿ ಬಂತು. ಗುಂಪಿನ ಕೊನೆಯ ಪಂದ್ಯದ ಬೆಳಿಗ್ಗೆ ಕೋಚ್ ಇವನನ್ನು ಪಕ್ಕಕ್ಕೆ ಕರೆದು, ಇವತ್ತು ನೀನೇ ನಿಲ್ಲಬೇಕು ಅಂದ. ಇವನಿಗೆ ಕಣ್ಣು ತುಂಬಿ ಬಂತು. ಆಮೇಲೆ ಕೋಚ್ ದನಿ ತಗ್ಗಿಸಿ ಉಳಿದದ್ದು ಹೇಳಿದ. ಗೆದ್ದು ಗುಂಪಿನಲ್ಲಿ ಮೊದಲು ಬಂದರೆ ಮುಂದಿನ ಪಂದ್ಯ ಚಾಂಪಿಯನ್ನರ ಮೇಲೆ. ಸೋತು ಎರಡನೆಯವರಾದರೆ ಸುಲಭದ ತಂಡ ಸಿಗುತ್ತದೆ. ಮಿಕ್ಕ ಹತ್ತು ಜನಕ್ಕೆ ತಿಳಿಯುವುದು ಬೇಡ, ನೀನೊಬ್ಬ ಚೆಂಡು ಬಿಟ್ಟರೆ ಸಾಕು.

ಎಂಟು ವರ್ಷ ಕಾದದ್ದು ಇದಕ್ಕಾ? ಇವನು ಹೆಲ್ಮೆಟ್ ಹಾಕಿಕೊಂಡು ಹೋಗಿ ನಿಂತ.

ಇವನ ತಂಡದಲ್ಲಿ ಮುಂದೆ ಆಡುವವರು ಒಂದು ಗೋಲು ಹೊಡೆದರು. ಹಿಂದೆ ಇವನು ಒಂದನ್ನೂ ಬಿಡಲಿಲ್ಲ. ಕಾಲಲ್ಲಿ ತಡೆದ, ಕೈಯಲ್ಲಿ ತಡೆದ, ಅಡ್ಡ ಬಿದ್ದು ತಡೆದ! ಕೋಚ್‌ಗೆ ಪಿತ್ತ ನೆತ್ತಿಗೇರಿತು. ಮೊದಲನೇ ಗೋಲ್‌ಕೀಪರನ ಕಿವಿಯಲ್ಲೂ ಚೆಂಡು ಬಿಡುವ ಮಾತು ಊದಿ, ಅವನನ್ನು ಗೆರೆಯ ಹತ್ತಿರ ನಿಲ್ಲಿಸಿ, ಹೊರಗೆ ಬಾ ಅಂತ ಇವನಿಗೆ ಕೈಸನ್ನೆ ಮಾಡಿದ. ಆದರೆ ಹಾಕಿಯಲ್ಲಿ ಒಂದು ನಿಯಮ ಇದೆ. ಒಳಗಿನವನು ಹೊರಗೆ ಬಂದ ಮೇಲೆಯೇ ಹೊರಗಿನವನು ಒಳಗೆ ಹೋಗಬೇಕು. ಇವನು ಆ ಕಡೆ ತಿರುಗಿಯೇ ನೋಡಲಿಲ್ಲ.

ಕ್ಯಾಪ್ಟನ್ ಓಡಿ ಬಂದ. "ಕರೀತಿದಾರಲ್ಲಯ್ಯ, ಕಾಣಲ್ವಾ?"

"ಕಾಣತ್ತೆ. ಕರೀಲಿ. ನಾನು ಹೋದರೆ ತಾನೆ ಅವನು ಬರೋದು? ನಾನು ಹೋಗಲ್ಲ."

ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನೆದುರಿಂದ ಬಲವಾಗಿ ಹೊಡೆಯುವ ಅವಕಾಶ, ಸಿಕ್ಕಿತು. ಚೆಂಡು ಬಂದು ಇವನ ಪಕ್ಕೆಗೆ ಬಡಿಯಿತು. ಪಕ್ಕೆಲುಬು ಬಿರುಕು ಬಿಟ್ಟಿತು, ಗೋಲು ಆಗಲಿಲ್ಲ. ಗೆದ್ದರು.

ಮುಂದಿನ ಪಂದ್ಯದಲ್ಲಿ ಚಾಂಪಿಯನ್ನರು ನಾಲ್ಕು ಗೋಲು ಬಾರಿಸಿ ಮನೆಗೆ ಕಳಿಸಿದರು. ಪದಕ ತಪ್ಪಿದ್ದು ನಿನ್ನಿಂದಲೇ ಅಂತ ಕೋಚ್ ಎಲ್ಲರೆದುರು ಉಗಿದ. ಪಕ್ಕೆಗೆ ಪಟ್ಟಿ ಸುತ್ತಿಕೊಂಡಿದ್ದ ಇವನು ಎದ್ದು ನಿಂತು ಹೇಳಿದ: "ತಡಿಯೋಕೆ ಅಂತ ನಿಲ್ಲಿಸಿದ್ರಿ, ತಡೆದೆ. ಬಿಡೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಮತ್ತೆ ಅವನನ್ನು ಯಾರೂ ಆಡಿಸಲಿಲ್ಲ.

ಪ್ರವಚನ ಕೇಳುತ್ತ ಕೂತ ನೀವೆಲ್ಲ ಅಯ್ಯೋ ಪಾಪ ಅಂತ ಲೊಚಗುಟ್ಟಿದಿರಲ್ಲ, ಯಾರಿಗೆ ಪಾಪ? ಅವನು ಒಂದು ಪಂದ್ಯವನ್ನಾದರೂ ಆಡಿದ. ನೀವು ಆಡಿದ್ದೀರಾ? ಮುಂದಿನ ಸಾಲಿನಲ್ಲಿ ಮೇಷ್ಟ್ರು ಕೂತಿದ್ದೀರಿ. ಪರೀಕ್ಷೆಯ ದಿನ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ ಸಾರ್ ಅಂದರೆ ನೋಡುತ್ತೀರಿ, ಅಲ್ಲವೇ? ಸೇತುವೆ ಕಟ್ಟಿಸುವವರೂ ಇದ್ದೀರಿ, ತಲೆ ತಗ್ಗಿಸಬೇಡಿ. ಸಿಮೆಂಟು ಕಡಿಮೆ ಹಾಕು ಅಂತ ಮೇಲಿನವರು ಹೇಳಿದರು, ಏನು ಮಾಡಲಿ ಸ್ವಾಮಿ ಅಂತ ನನ್ನ ಮುಂದೆ ಬಂದು ಅಳುತ್ತೀರಿ. ಏನು ಮಾಡಲಿ ಅಂದರೆ? ಆಗಲ್ಲ ಅನ್ನಿ. ಅಷ್ಟು ಹೇಳುವುದಕ್ಕೆ ಬಾಯಿ ಇಲ್ಲವೇ?

ನಾಳೆ ಸೋಮವಾರ. ಕಚೇರಿಗೆ ಹೋಗುತ್ತೀರಿ, ಯಾರೋ ಒಂದು ಕಾಗದ ಮುಂದಿಟ್ಟು ಸುಮ್ಮನೆ ಒಂದು ಸಹಿ ಹಾಕಿ ಅನ್ನುತ್ತಾರೆ. ಪೂರ್ತಿ ಓದಿ. ಸರಿ ಇಲ್ಲದಿದ್ದರೆ ಪೆನ್ನು ಜೇಬಿಗಿಟ್ಟು ಕೂತಲ್ಲೇ ಕೂತಿರಿ. ಬೈಯುವವರು ಬೈಯಲಿ.